ಆಸ್ಮಾನ್ ವಾಲೆ

ಖಾಲಾ ತೀರಿಹೋದ ಮೂರನೆಯ ದಿನ ಸಾಗರದ ಮನೆಯಲ್ಲಿ ನಾವೆಲ್ಲ ಸೇರಿದ್ದೆವು. ಕುರ್‌ಆನ್ ಓದಿ ಮುಗಿದಿತ್ತು. ದೊಡ್ಡವರು ಚಹಾ ಕುಡಿಯುತ್ತ, ಮಣ್ಣಿಗೆ ಯಾರು ಬಂದಿದ್ದರು, ಯಾರು ಬರಲಿಲ್ಲ ಎಂಬ ಲೆಕ್ಕದಲ್ಲಿದ್ದರು. ಹುಡುಗರು ಮೂಲೆ ಸೇರಿ ಮೊಬೈಲಿನಲ್ಲಿ ಮುಳುಗಿದ್ದರು. ಡಿಪ್ಲೊಮಾ ಓದುತ್ತಿರುವ ನಮ್ಮ ತಮ್ಮನ ಮಗ ಎದ್ದು ಬಂದು, 'ಬಡೇ ಅಬ್ಬಾ, ಇದನ್ನೊಂದು ನೋಡಿ' ಎಂದು ಪರದೆಯನ್ನು ನಮ್ಮ ಮುಖಕ್ಕೆ ಹಿಡಿದ.

ಬೂದುಬಣ್ಣದ ಆಕಾಶದಲ್ಲಿ ಒಂದು ವಿಮಾನ. ಅದರ ಸುತ್ತ ಮೂರು ಬೆಳಕಿನ ಉಂಡೆಗಳು ಗಿರಕಿ ಹೊಡೆಯುತ್ತವೆ. ಫಳ್ ಎಂದು ಒಂದು ಮಿಂಚು. ಆಮೇಲೆ ವಿಮಾನವೂ ಇಲ್ಲ, ಉಂಡೆಗಳೂ ಇಲ್ಲ. 'ಇದು 2014ರಲ್ಲಿ ಕಾಣೆಯಾದ ಮಲೇಷ್ಯಾದ ವಿಮಾನ. ಏಲಿಯನ್‌ಗಳು ಎತ್ತಿಕೊಂಡು ಹೋದದ್ದು. ಉಪಗ್ರಹದಿಂದ ತೆಗೆದ ವಿಡಿಯೋ ಇದು, ಅಮೆರಿಕಾದವರು ಮುಚ್ಚಿಟ್ಟಿದ್ದರು' ಎಂದು ಅವನು ಉತ್ಸಾಹದಿಂದ ಹೇಳಿದ.

ನಾವು ಸಿಟ್ಟಾದೆವು. ಸಾವಿನ ಮನೆಯಲ್ಲಿ ಯಾರೂ ಏರಿಸಬಾರದಷ್ಟು ದನಿ ಏರಿಸಿದೆವು. ಹುಡುಗ ಬೆಪ್ಪಾಗಿ ನಿಂತ. ಅವನ ಅಪ್ಪ, 'ಮಕ್ಕಳಲ್ಲವಾ ಭಾಯಿ, ಬಿಡಿ' ಎಂದ. ಆ ವಿಡಿಯೋ 2023ರಲ್ಲಿ ಲೋಕವೆಲ್ಲ ಸುತ್ತಿ ಬಂದದ್ದು, ಅದರಲ್ಲಿರುವ ಮೋಡಗಳು ಮಾರಾಟಕ್ಕಿಟ್ಟ ಯಾವುದೋ ಫೋಟೋದವು, ಆ ಮಿಂಚು ಸಿನಿಮಾದವರು ಬಳಸುವ ಹಳೆಯ ಸಂಗ್ರಹವೊಂದರಿಂದ ಎತ್ತಿದ್ದು ಎಂಬುದನ್ನು ಆಸಕ್ತರು ಆಗಲೇ ಪತ್ತೆಮಾಡಿದ್ದರು. ಅಷ್ಟನ್ನು ಸಮಾಧಾನದಿಂದ ಹೇಳಿದ್ದರೆ ಸಾಕಿತ್ತು. ಆದರೆ ಸಿಟ್ಟು ಆ ಹುಡುಗನ ಮೇಲೆ ಬಂದದ್ದಲ್ಲ. ಮೂವತ್ತು ವರ್ಷಗಳಿಗೂ ಹಿಂದೆ ಇದೇ ಮನೆಯ ಇದೇ ಪಡಸಾಲೆಯಲ್ಲಿ ಇದೇ ಕಥೆಯನ್ನು ಖಾಲಾಗೆ ಹೇಳಿದವರು ನಾವು.

(ಓದುಗರು ಈ 'ನಾವು' ಎಂಬುದನ್ನು ದೊಡ್ಡಸ್ತಿಕೆ ಎಂದು ತಿಳಿಯಬಾರದು. ಉರ್ದು ಶಾಲೆಯ ಉಸ್ತಾದರು 'ಹಮ್' ಎಂದೇ ಕಲಿಸಿ ಕಳಿಸಿದರು. 'ನಾನು' ಎಂದು ಬರೆಯಹೋದರೆ ಪೆನ್ನು ಇಂದಿಗೂ ತಡವರಿಸುತ್ತದೆ. ಈ ವಿಷಯದಲ್ಲಂತೂ ಒಬ್ಬರೇ ನಿಲ್ಲುವ ಧೈರ್ಯವೂ ನಮಗಿಲ್ಲ.)

ಖಾಲು, ಅಂದರೆ ಖಾಲಾರ ಗಂಡ, ರೇಡಿಯೊ ರಿಪೇರಿ ಮಾಡುತ್ತಿದ್ದರು. ಪೇಟೆಯ ಸಂದಿಯೊಂದರಲ್ಲಿ ಗೂಡಿನಂಥ ಅಂಗಡಿ. ಒಳಗೆ ಕಾಲಿಟ್ಟರೆ ಸೀಸ ಕಾಯಿಸಿದ ವಾಸನೆ. 1988ರ ಮಳೆಗಾಲ ಮುಗಿಯುವ ಹೊತ್ತಿಗೆ, ಬಿಡಿಭಾಗ ತರುತ್ತೇನೆಂದು ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೊರಟವರು ಮರಳಿ ಬರಲಿಲ್ಲ. ಮೇಜಿನ ಮೇಲೆ ಯಾರದೋ ಮರ್ಫಿ ರೇಡಿಯೊ ಬಿಚ್ಚಿಟ್ಟಿತ್ತು. ತಿರುಪುಗಳು ಬೆಂಕಿಪೊಟ್ಟಣದಲ್ಲಿದ್ದವು. ಖಾಲಾಗೆ ಆಗ ಇಪ್ಪತ್ತನಾಲ್ಕು. ಮಕ್ಕಳಿರಲಿಲ್ಲ.

ನಮ್ಮ ಮಾಮೂಗಳು ಹುಬ್ಬಳ್ಳಿಗೆ ಹೋಗಿ ಲಾಡ್ಜು, ಆಸ್ಪತ್ರೆ, ಶವಾಗಾರ, ಮಸೀದಿಗಳನ್ನೆಲ್ಲ ಸುತ್ತಿಬಂದರು. ಪೊಲೀಸರು ದೂರು ಬರೆದುಕೊಂಡರು. ಬಸ್ಸಿನ ಕಂಡಕ್ಟರು, 'ಹೌದು, ಟಿಕೇಟು ಕೊಟ್ಟ ನೆನಪಿದೆ' ಎಂದಷ್ಟೇ ಹೇಳಿದ. ಅಲ್ಲಿಂದ ಮುಂದೆ ಕಥೆಗಳು ಶುರುವಾದವು. ಬೊಂಬಾಯಿಯಲ್ಲಿ ಇನ್ನೊಂದು ಸಂಸಾರವಿದೆಯಂತೆ. ಸಾಲ ಮಾಡಿ ಗಲ್ಫಿಗೆ ಓಡಿದ್ದಾರಂತೆ. ಅಜ್ಮೇರಿನ ದರ್ಗಾದಲ್ಲಿ ಗಡ್ಡ ಬಿಟ್ಟುಕೊಂಡು ಕುಳಿತದ್ದನ್ನು ಕಂಡವರಿದ್ದಾರಂತೆ. ತಾಯಿತ ಕಟ್ಟುವ ಒಬ್ಬ ಆಮಿಲರು ಕಣ್ಣು ಮುಚ್ಚಿ, 'ಜೀವಂತ ಇದ್ದಾರೆ. ಜಿನ್ನುಗಳ ವಶದಲ್ಲಿದ್ದಾರೆ' ಎಂದು ಹೇಳಿ ಐವತ್ತೊಂದು ರೂಪಾಯಿ ಪಡೆದರು. ನಾನಿ ಆ ಮಾತನ್ನು ನಂಬಿದರು. ಏಕೆಂದರೆ ಅದರಲ್ಲಿ ಅಳಿಯನ ತಪ್ಪೇನೂ ಇರಲಿಲ್ಲ.

ನಮ್ಮ ಸರದಿ ಬಂದದ್ದು 1991ರಲ್ಲಿ. ನಮಗಾಗ ಹನ್ನೆರಡು ವರ್ಷ. ಉರ್ದು ಶಾಲೆಯ ಕೊನೆಯ ತರಗತಿಯಲ್ಲಿದ್ದೆವು, ಮುಂದಿನ ವರ್ಷ ಕನ್ನಡ ಹೈಸ್ಕೂಲು. ಕನ್ನಡ ಓದುವುದು ಹೊಸದಾಗಿ ಕೈಗೆ ಹತ್ತಿತ್ತು. ಹೊಸದಾಗಿ ಸೈಕಲ್ ಕಲಿತವನು ಕಂಡಲ್ಲೆಲ್ಲ ತುಳಿಯುವಂತೆ, ಕಡಲೆಕಾಯಿ ಕಟ್ಟಿಕೊಟ್ಟ ಕಾಗದವನ್ನೂ ನಾವು ಬಿಡದೆ ಓದುತ್ತಿದ್ದೆವು. ಹಾಗೆ ಕಟ್ಟಿಬಂದದ್ದು ಯಾವುದೋ ಹಳೆಯ ವಾರಪತ್ರಿಕೆಯ ಎರಡು ಹಾಳೆ. ಅದರಲ್ಲಿ ಬರ್ಮುಡಾ ತ್ರಿಕೋನದ ಕಥೆಯಿತ್ತು.

ಕಥೆ ಹೀಗೆ. 1945ರ ಡಿಸೆಂಬರ್ 5ರಂದು ಅಮೆರಿಕಾದ ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್ ನೌಕಾನೆಲೆಯಿಂದ ಐದು ಅವೆಂಜರ್ ಬಾಂಬರ್ ವಿಮಾನಗಳು ಅಭ್ಯಾಸಕ್ಕೆಂದು ಹಾರಿದವು. ಅವುಗಳಲ್ಲಿ 14 ಜನ. ಐದೂ ಕಾಣೆಯಾದವು. ಹುಡುಕಲು ಹೋದ ಇನ್ನೊಂದು ವಿಮಾನವೂ 13 ಜನರೊಂದಿಗೆ ಇಲ್ಲವಾಯಿತು. ಅವರನ್ನೆಲ್ಲ ಹಾರುವ ತಟ್ಟೆಗಳಲ್ಲಿ ಬಂದ ಅನ್ಯಗ್ರಹ ಜೀವಿಗಳು ಒಯ್ದಿರಬಹುದು ಎಂದು ಹಾಳೆ ಹೇಳುತ್ತಿತ್ತು. 1977ರಲ್ಲಿ ಸ್ಪೀಲ್‌ಬರ್ಗ್ ತೆಗೆದ ಚಿತ್ರವೊಂದರಲ್ಲಿ ಆ ವಿಮಾನಗಳ ಸೈನಿಕರು, ಮೂವತ್ತು ವರ್ಷಗಳ ನಂತರ, ಒಂದು ದಿನವೂ ಮುದುಕರಾಗದೆ ಆಕಾಶನೌಕೆಯಿಂದ ಇಳಿದುಬರುತ್ತಾರೆ ಎಂಬುದನ್ನೂ ಬರೆದಿದ್ದರು. (ಆ ಚಿತ್ರದ ಒಂದು ದೃಶ್ಯವನ್ನು ಮಹಾರಾಷ್ಟ್ರದ ಹಳ್ಳಿಯೊಂದರಲ್ಲಿ ತೆಗೆದಿದ್ದಾರೆ. ಅದು ಗೊತ್ತಾದದ್ದು ಬಹಳ ಕಾಲದ ಮೇಲೆ. ಆಗ ಗೊತ್ತಿದ್ದರೆ ಅದನ್ನೂ ಸೇರಿಸಿಯೇ ಹೇಳುತ್ತಿದ್ದೆವು.)

ಖಾಲಾಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವರು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರು, ನಾವು ಆ ಹಾಳೆಗಳನ್ನು ನಮ್ಮ ಮನೆಮಾತಾದ ದಖನಿಯಲ್ಲಿ ಹೇಳುತ್ತ ಹೋದೆವು. ಅಲ್ಲಿ ಎರಡು ತಪ್ಪು ನಡೆಯಿತು. ಪತ್ರಿಕೆಯವರು ಜಾಣರು, 'ಒಯ್ದಿರಬಹುದು' ಎಂದು ಬರೆದಿದ್ದರು. ನಾವು 'ಒಯ್ದರು' ಎಂದೆವು. ಕಥೆ ಹೇಳುವವನಿಗೆ 'ಬಹುದು' ಎಂಬುದು ಚಪ್ಪಲಿಯೊಳಗಿನ ಕಲ್ಲು. ಎರಡನೆಯದು ಇನ್ನೂ ದೊಡ್ಡದು. 'ಅನ್ಯಗ್ರಹ ಜೀವಿಗಳು' ಎಂಬುದಕ್ಕೆ ಉರ್ದು ಪದ ನಮಗೆ ಗೊತ್ತಿರಲಿಲ್ಲ. ಒಂದು ಕ್ಷಣ ಯೋಚಿಸಿ, 'ಆಸ್ಮಾನ್ ವಾಲೆ' ಎಂದುಬಿಟ್ಟೆವು. ಆಸ್ಮಾನಿನವರು.

ನಮ್ಮ ಮನೆಗಳಲ್ಲಿ ಆ ಮಾತಿಗೆ ಬೇರೆಯೇ ತೂಕವಿದೆ. ಕಷ್ಟ ಬಂದಾಗ ಹೆಂಗಸರು ಸೆರಗೆತ್ತಿ ಮೇಲೆ ನೋಡಿ ಕರೆಯುವುದು ಆಸ್ಮಾನ್ ವಾಲಾನನ್ನು. ಏಕವಚನ ಬಹುವಚನಗಳ ನಡುವಿನ ಆ ಸಣ್ಣ ಬದಲಾವಣೆ ಹನ್ನೆರಡು ವರ್ಷದವನ ಕಿವಿಗೆ ಬೀಳಲಿಲ್ಲ. ಖಾಲಾರ ಯಂತ್ರ ನಿಂತಿತು. 'ಅಲ್ಲಿ ಊಟ ಕೊಡುತ್ತಾರಂತಾ?' ಎಂದು ಕೇಳಿದರು. 'ಕೊಡುತ್ತಾರೆ' ಎಂದೆವು. ಹಾಳೆಯಲ್ಲಿ ಅದರ ಮಾತೇ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, 'ಹೋದವರಿಗೆ ವಯಸ್ಸಾಗುವುದಿಲ್ಲ ಅಂದೆಯಲ್ಲ, ಮನೆಯಲ್ಲಿದ್ದವರಿಗೆ?' ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮಾರನೆಯ ವರ್ಷ ನಾಲ್ಕು ವರ್ಷ ತುಂಬಿತು. ನಾಲ್ಕು ಎಂಬ ಈ ಲೆಕ್ಕದ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಕಾಣೆಯಾದವನನ್ನು ನಮ್ಮ ಫಿಕ್ಹ್ ಶಾಸ್ತ್ರದಲ್ಲಿ 'ಮಫ್ಖೂದ್' ಎನ್ನುತ್ತಾರೆ. ಹನಫಿ ಪಂಥದ ಹಳೆಯ ಅಭಿಪ್ರಾಯದಂತೆ ಅವನ ಓರಗೆಯವರೆಲ್ಲ ತೀರಿಹೋಗುವವರೆಗೆ, ಅಂದರೆ ಅವನಿಗೆ ತೊಂಬತ್ತು ವರ್ಷ ಆಗುವವರೆಗೆ ಎಂದು ಕೆಲವರ ಲೆಕ್ಕ, ಹೆಂಡತಿ ಕಾಯಬೇಕು. ಇಪ್ಪತ್ತರ ಹೆಂಗಸಿಗೆ ಇದು ಬದುಕಿರುವಾಗಲೇ ತೋಡಿದ ಗುಂಡಿ. ಮಾಲಿಕಿ ಪಂಥದಲ್ಲಿ ಕಾಜಿಯ ಮುಂದೆ ಹೋದರೆ ನಾಲ್ಕು ವರ್ಷ, ಅದರ ಮೇಲೆ ನಾಲ್ಕು ತಿಂಗಳು ಹತ್ತು ದಿನದ ಇದ್ದತ್, ಅಲ್ಲಿಗೆ ಬಿಡುಗಡೆ. ಬ್ರಿಟಿಷರ ಕಾಲದಲ್ಲಿ ಇಂಥ ಮದುವೆಗಳಿಂದ ಬಿಡಿಸಿಕೊಳ್ಳಲು ದಾರಿ ಕಾಣದೆ ಹೆಂಗಸರು ಧರ್ಮವನ್ನೇ ಬಿಡುವ ಸ್ಥಿತಿ ಬಂದಾಗ ಮೌಲಾನಾ ಅಶ್ರಫ್ ಅಲಿ ಥಾನವಿಯವರಂಥ ಹನಫಿ ವಿದ್ವಾಂಸರೇ ಮಾಲಿಕಿ ಅಭಿಪ್ರಾಯವನ್ನು ಎತ್ತಿಹಿಡಿದರು. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯ ಮೊದಲ ಕಾರಣವೇ ಅದು: ಗಂಡನ ಸುಳಿವು ನಾಲ್ಕು ವರ್ಷ ಇಲ್ಲದಿರುವುದು. ತೀರ್ಪಾದ ಮೇಲೂ ಆರು ತಿಂಗಳ ಗಡುವುಂಟು. ಅಷ್ಟರೊಳಗೆ ಅವನು ಬಂದು ಸಂಸಾರ ಮಾಡುತ್ತೇನೆಂದು ಕೋರ್ಟಿಗೆ ಮನವರಿಕೆ ಮಾಡಿಕೊಟ್ಟರೆ ತೀರ್ಪು ರದ್ದು. ಸಾಕ್ಷ್ಯದ ಕಾನೂನು ಸತ್ತನೆಂದು ಊಹಿಸಲು ಏಳು ವರ್ಷ ಕೇಳುತ್ತದೆ. ಅಂದರೆ ಹೆಂಡತಿಯಾಗಿ ನಾಲ್ಕಕ್ಕೆ ಬಿಡುಗಡೆ, ವಿಧವೆಯಾಗಬೇಕಾದರೆ ಏಳು. ಇದನ್ನೆಲ್ಲ ನಮ್ಮ ಮೊಹಲ್ಲೆಯ ಮೌಲವಿ ಸಾಹೇಬರು ಪಡಸಾಲೆಯಲ್ಲಿ ಕುಳಿತು ನಿಧಾನವಾಗಿ ಬಿಡಿಸಿ ಹೇಳಿದರು. ಜಿನ್ನುಗಳ ಮಾತೆತ್ತಿದ ನಾನಿಗೆ, 'ಜಿನ್ನುಗಳಿಗೆ ಅವರದೇ ಕೆಲಸ ಬೇಕಾದಷ್ಟಿದೆ ಅಮ್ಮಾ' ಎಂದೂ ಹೇಳಿದರು.

ವಕೀಲರು ಅರ್ಜಿ ತಯಾರಿಸಿದ್ದರು. ಶಿಕಾರಿಪುರದ ಕಡೆಯ ಒಂದು ಸಂಬಂಧವೂ ಮಾತಿನಲ್ಲಿತ್ತು. ಸಹಿ ಮಾಡುವ ಹೊತ್ತಿಗೆ ಖಾಲಾ ಪರದೆಯ ಹಿಂದಿನಿಂದ, 'ಆಸ್ಮಾನ್ ವಾಲೆ ಕರೆದುಕೊಂಡು ಹೋದವರನ್ನು ಕೋರ್ಟು ಹೇಗೆ ಬಿಡಿಸುತ್ತದೆ?' ಎಂದು ಕೇಳಿದರು. ಯಾರಿಗೂ ಅರ್ಥವಾಗಲಿಲ್ಲ. ದೇವರ ಹೆಸರು ಹೇಳುತ್ತಿದ್ದಾಳೆ ಎಂದುಕೊಂಡು ಮೌಲವಿ ಸಾಹೇಬರು ತಲೆ ತಗ್ಗಿಸಿದರು. ಅರ್ಥವಾದದ್ದು ಬಾಗಿಲ ಬಳಿ ನಿಂತಿದ್ದ ನಮಗೊಬ್ಬರಿಗೆ. ಖಾಲಾ ಸಹಿ ಮಾಡಲಿಲ್ಲ. ಆ ಮಾತು ಯಾರು ಹೇಳಿದ್ದು ಎಂದೂ ಹೇಳಲಿಲ್ಲ. ಶುಕ್ರವಾರ ಶುಕ್ರವಾರ ತಲೆಗೆ ಮೆಹಂದಿ ಹಚ್ಚಿಕೊಳ್ಳುವುದನ್ನು ಆ ವರ್ಷದಿಂದ ಶುರುಮಾಡಿದರು. ಆಗ ಅವರ ತಲೆಯಲ್ಲಿ ಒಂದೂ ಬಿಳಿಕೂದಲಿರಲಿಲ್ಲ.

ಮುಂದೆ ಬೆಂಗಳೂರಿನಲ್ಲಿ ಓದುತ್ತಿದ್ದಾಗ ಅವೆನ್ಯೂ ರಸ್ತೆಯ ಹಳೆಪುಸ್ತಕದ ರಾಶಿಯಲ್ಲಿ ಲಾರೆನ್ಸ್ ಕುಶೆಯವರ ಪುಸ್ತಕ ಸಿಕ್ಕಿತು. ಅಮೆರಿಕಾದ ಅರಿಜೋನಾದ ವಿಶ್ವವಿದ್ಯಾಲಯವೊಂದರ ಗ್ರಂಥಪಾಲಕ. ಬರ್ಮುಡಾ ತ್ರಿಕೋನದ ಬಗ್ಗೆ ಮಾಹಿತಿ ಬೇಕೆಂದು ವಿದ್ಯಾರ್ಥಿಗಳು ಮೇಲಿಂದ ಮೇಲೆ ಕೇಳಿದ್ದಕ್ಕೆ ಆತ ಹುಡುಕಲು ಕುಳಿತ. ಮಾಡಿದ ಕೆಲಸ ಬಹಳ ಸರಳ: ಪ್ರತಿಯೊಂದು ಹಡಗು, ವಿಮಾನ ಕಾಣೆಯಾದ ದಿನದ ಪತ್ರಿಕೆಗಳನ್ನೂ ಹವಾಮಾನ ವರದಿಗಳನ್ನೂ ತೆಗೆದು ನೋಡಿದ. ಶಾಂತ ಸಮುದ್ರದಲ್ಲಿ ಮಾಯವಾಯಿತು ಎಂದು ಬರೆದಿದ್ದ ಹಡಗು ಬಿರುಗಾಳಿಗೆ ಸಿಕ್ಕಿತ್ತು. ಇನ್ನೊಂದು ಮುಳುಗಿದ್ದು ಬೇರೆಯೇ ಸಾಗರದಲ್ಲಿ. ಕೆಲವಂತೂ ನಡೆದ ದಾಖಲೆಯೇ ಇಲ್ಲ. 1974ರಲ್ಲಿ ಚಾರ್ಲ್ಸ್ ಬರ್ಲಿಟ್ಜ್ ಬರೆದ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. 1975ರಲ್ಲಿ ಬಂದ ಕುಶೆಯ ಪುಸ್ತಕ ಅವೆನ್ಯೂ ರಸ್ತೆಯ ರಾಶಿಯ ತಳದಲ್ಲಿತ್ತು. ಸುಳ್ಳಿಗೂ ನಿಜಕ್ಕೂ ಬರುವ ಓದುಗರ ವ್ಯತ್ಯಾಸ ಅಷ್ಟೇ.

ಆದರೆ ಆ ಐದು ವಿಮಾನಗಳ ಕಥೆಯಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ತಂಡದ ನಾಯಕ ಲೆಫ್ಟಿನೆಂಟ್ ಟೇಲರ್ ತನ್ನ ದಿಕ್ಸೂಚಿ ಕೆಟ್ಟಿದೆ ಎಂದುಕೊಂಡ. ತಾನು ಎಲ್ಲಿದ್ದೇನೆಂದು ತಪ್ಪಾಗಿ ತಿಳಿದು ತಂಡವನ್ನು ಅತ್ತಿತ್ತ ಹಾರಿಸಿದ. ಕತ್ತಲಾಯಿತು, ಸಮುದ್ರ ಪ್ರಕ್ಷುಬ್ಧವಾಗಿತ್ತು, ಇಂಧನ ತೀರುತ್ತ ಬಂದಿತ್ತು. ಹುಡುಕಲು ಹೋದ ವಿಮಾನ ಸ್ಫೋಟಿಸಿದ್ದರ ಬೆಂಕಿಯನ್ನು ಒಂದು ಹಡಗಿನವರು ಕಂಡಿದ್ದರು. ನೌಕಾಪಡೆಯ ವಿಚಾರಣೆ ಟೇಲರನ ತಪ್ಪನ್ನು ಎತ್ತಿಹೇಳಿತು. ಅವನ ತಾಯಿ ಒಪ್ಪಲಿಲ್ಲ. ವಿಮಾನಗಳೂ ಸಿಕ್ಕಿಲ್ಲ, ಶವಗಳೂ ಸಿಕ್ಕಿಲ್ಲ, ನನ್ನ ಮಗನದೇ ತಪ್ಪೆಂದು ಹೇಗೆ ಹೇಳುತ್ತೀರಿ ಎಂದು ಆಕೆ ಹೋರಾಡಿದರು. ಕೊನೆಗೆ ನೌಕಾಪಡೆ ದಾಖಲೆ ತಿದ್ದಿ 'ಕಾರಣ ತಿಳಿದಿಲ್ಲ' ಎಂದು ಬರೆಯಿತು. ಮಗನ ಹೆಸರಿಗೆ ಮಸಿ ಹತ್ತದಿರಲೆಂದು ಒಬ್ಬ ತಾಯಿ ಬರೆಸಿದ ಮಾತು ಅದು. ಆ ತೆರೆದ ಬಾಗಿಲಿನಿಂದಲೇ ಹಾರುವ ತಟ್ಟೆಗಳೂ ಬರ್ಲಿಟ್ಜರೂ, ಕೊನೆಗೆ ಕಡಲೆಕಾಯಿಯ ಕಾಗದವೂ ಒಳಬಂದವು.

ಇಂಥದೇ ಇನ್ನೊಂದು ಮನೆ ಆಸ್ಟ್ರೇಲಿಯಾದಲ್ಲಿದೆ. 1978ರ ಅಕ್ಟೋಬರ್ 21ರ ಸಂಜೆ ಫ್ರೆಡರಿಕ್ ವ್ಯಾಲೆಂಟಿಚ್ ಎಂಬ ಇಪ್ಪತ್ತು ವರ್ಷದ ಹುಡುಗ ಮೆಲ್ಬರ್ನಿನ ಮೂರಾಬಿನ್ ನಿಲ್ದಾಣದಿಂದ ಸಣ್ಣ ಸೆಸ್ನಾ ವಿಮಾನದಲ್ಲಿ ಒಬ್ಬನೇ ಹೊರಟ. ಬಾಸ್ ಜಲಸಂಧಿಯನ್ನು ದಾಟಿ ಕಿಂಗ್ ದ್ವೀಪಕ್ಕೆ ಹೋಗುವವನಿದ್ದ. ಏಳು ಗಂಟೆ ಆರು ನಿಮಿಷಕ್ಕೆ ರೇಡಿಯೊದಲ್ಲಿ ಕರೆ ಬಂತು: ತನ್ನ ಮೇಲೆ ದೊಡ್ಡದೊಂದು ವಿಮಾನವಿದೆಯೇ? ನಿಯಂತ್ರಣದಲ್ಲಿದ್ದವರು, ಆ ಎತ್ತರದಲ್ಲಿ ಯಾವುದೂ ಇಲ್ಲ ಎಂದರು. ನಾಲ್ಕು ಬೆಳಕು ಕಾಣುತ್ತಿವೆ, ತನ್ನ ಮೇಲೆಯೇ ಸುತ್ತುತ್ತಿದೆ, ಎಂಜಿನ್ನು ಒದರುತ್ತಿದೆ ಎಂದೆಲ್ಲ ಹೇಳಿ, ಕೊನೆಗೆ ಅದು ವಿಮಾನವಲ್ಲ ಎಂದ. ಆಮೇಲೆ ಹದಿನೇಳು ಸೆಕೆಂಡು ಲೋಹ ತಿಕ್ಕಿದಂಥ ಸದ್ದು. ಒಟ್ಟು ಆರು ನಿಮಿಷದ ಮಾತು. ನಾಲ್ಕು ದಿನ ಹುಡುಕಿ ನಿಲ್ಲಿಸಿದರು. ಇಲಾಖೆಯ ವರದಿ, ಕಾರಣ ನಿರ್ಧಾರವಾಗಿಲ್ಲ, ಸತ್ತಿರುವನೆಂದು ಭಾವಿಸಲಾಗಿದೆ ಎಂದಿತು.

ಹುಡುಗ ಹಾರುವ ತಟ್ಟೆಗಳನ್ನು ನಂಬುತ್ತಿದ್ದ. ಅವುಗಳ ಬಗ್ಗೆ ಬಂದ ಬರಹಗಳನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದ. ವಾಯುಪಡೆ ಅವನನ್ನು ಎರಡು ಸಲ ಬೇಡವೆಂದಿತ್ತು. ವೃತ್ತಿಪರ ಪೈಲಟ್ ಪರೀಕ್ಷೆಯ ವಿಷಯಗಳಲ್ಲಿ ಫೇಲಾಗಿದ್ದ. ಹಾರಾಟದ ಅನುಭವ ಸುಮಾರು ನೂರೈವತ್ತು ಗಂಟೆ ಮಾತ್ರ. 2013ರಲ್ಲಿ ಇದನ್ನು ಮತ್ತೆ ಪರಿಶೀಲಿಸಿದ ಇಬ್ಬರು, ಅವರಲ್ಲೊಬ್ಬರು ಹಳೆಯ ಪೈಲಟ್, ಅವನು ಕಂಡ ನಾಲ್ಕು ಬೆಳಕು ಆ ಸಂಜೆ ಆಕಾಶದಲ್ಲಿದ್ದ ಶುಕ್ರ, ಮಂಗಳ, ಬುಧ ಮತ್ತು ಜ್ಯೇಷ್ಠಾ ನಕ್ಷತ್ರ ಇರಬಹುದು ಎಂದರು. ಮುಸ್ಸಂಜೆಯ ಸಮುದ್ರದ ಮೇಲೆ ನೀರು ಯಾವುದು, ಬಾನು ಯಾವುದು ತಿಳಿಯುವುದಿಲ್ಲ. ವಿಮಾನ ಒಂದು ಬದಿಗೆ ವಾಲಿದ್ದರೂ ನೆಟ್ಟಗಿದೆ ಎಂದೇ ಕಿವಿಯೊಳಗಿನ ಸಮತೋಲನದ ಅಂಗ ಹೇಳುತ್ತದೆ. ವಾಲಿದ ವಿಮಾನ ಸುತ್ತುತ್ತ ಸುತ್ತುತ್ತ ಕೆಳಗಿಳಿಯುತ್ತದೆ, ಕೂತವನಿಗೆ ಬೆಳಕುಗಳೇ ತನ್ನ ಸುತ್ತ ತಿರುಗಿದಂತೆ ಕಾಣುತ್ತದೆ, ಆ ಸುತ್ತಿನ ಒತ್ತಡಕ್ಕೆ ಇಂಧನದ ಹರಿವು ತಪ್ಪಿ ಎಂಜಿನ್ನು ಒದರುತ್ತದೆ. 1983ರಲ್ಲಿ ಫ್ಲಿಂಡರ್ಸ್ ದ್ವೀಪದ ದಡಕ್ಕೆ ಎಂಜಿನ್ ಹೊದಿಕೆಯ ಒಂದು ತುಂಡು ಬಂದುಬಿತ್ತು. ಅದು ಸೆಸ್ನಾದ ಅದೇ ಮಾದರಿಯದು. ಅವನ ವಿಮಾನವೂ ಸೇರುವ ಕ್ರಮಸಂಖ್ಯೆಗಳ ಸಾಲಿನದು.

ಅವನ ತಂದೆಯ ಹೆಸರು ಗೀಡೊ. ಮಗನ ಸುಳಿವೇ ಸಿಗದಿರುವುದೇ ಹಾರುವ ತಟ್ಟೆ ಬಂದಿರಬಹುದು ಎಂಬುದಕ್ಕೆ ಪುಷ್ಟಿ ಎಂದು ಅವರು ಪತ್ರಿಕೆಗಳವರಿಗೆ ಹೇಳಿದರು. ಮಗ ಎಲ್ಲೋ ಜೀವಂತ ಇದ್ದಾನೆಂಬ ಆಸೆಯನ್ನು ಅವರು ಬಿಡಲಿಲ್ಲ. ತರ್ಕ ಕಲಿಸುವ ಮೇಷ್ಟರು ಈ ವಾಕ್ಯಕ್ಕೆ ಸೊನ್ನೆ ಹಾಕುತ್ತಾರೆ: ಸಿಗದಿರುವುದು ಯಾವುದಕ್ಕೂ ಸಾಕ್ಷಿಯಲ್ಲ. ಆದರೆ ತಂದೆಯ ಮುಂದೆ ಇದ್ದ ಇತರ ದಾರಿಗಳನ್ನು ನೋಡಿ. ಮಗ ತನ್ನ ಅನನುಭವದಿಂದ ಸತ್ತ ಎನ್ನಬೇಕು. ಇಲ್ಲವೇ ಬೇಕೆಂದೇ ಸತ್ತ, ಅಥವಾ ಎಲ್ಲರಿಗೂ ಕಣ್ಣುಕಟ್ಟಿ ಓಡಿಹೋದ ಎಂಬ ಪಿಸುಮಾತಿಗೆ ತಲೆಬಾಗಬೇಕು. ಆ ಸಾಲಿನಲ್ಲಿ ಬೇರೆ ಲೋಕದವರೇ ಹೆಚ್ಚು ಮಾನವಂತರಾಗಿ ಕಾಣುತ್ತಾರೆ. ಅವರು ಒಯ್ದರೆ ಮಗನದೇನೂ ತಪ್ಪಿಲ್ಲ. ನಾನಿಯ ಜಿನ್ನುಗಳೂ ಇದೇ ಕೆಲಸಕ್ಕೆ ಬಂದವು.

ಇದು ಮನೆಯವರ ಮಾತಾಯಿತು. ಏನೂ ಕಳೆದುಕೊಳ್ಳದವರು ಹೇಳುವ ಕಥೆ ಬೇರೆ. ಅದಕ್ಕೆ ಆ ಮಲೇಷ್ಯಾದ ವಿಮಾನವನ್ನೇ ನೋಡಬಹುದು. 2014ರ ಮಾರ್ಚ್ 8ರಂದು ಕ್ವಾಲಾಲಂಪುರದಿಂದ ಬೀಜಿಂಗಿಗೆ ಹೊರಟದ್ದು, 239 ಜನ. ಅವರಲ್ಲಿ ಐವರು ಭಾರತೀಯರು. ಒಂದು ಗಂಟೆಯೊಳಗೆ ನಾಗರಿಕ ರಾಡಾರಿನಿಂದ ಮರೆಯಾಯಿತು, ಮಿಲಿಟರಿ ರಾಡಾರಿನಲ್ಲಿ ಹಿಂದಕ್ಕೆ ತಿರುಗಿದ್ದು ಕಂಡಿತು. ಉಪಗ್ರಹವೊಂದಕ್ಕೆ ಬೆಳಗ್ಗೆ ಎಂಟೂಕಾಲು ದಾಟುವವರೆಗೆ ಗಂಟೆಗೊಮ್ಮೆ ಎಂಬಂತೆ ಸಂಕೇತ ಹೋಗುತ್ತಿತ್ತು. ಅದರ ಲೆಕ್ಕದಿಂದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಮುಳುಗಿದೆ ಎಂದು ತಿಳಿದರು.

ಆ ಮೊದಲ ವಾರದಲ್ಲಿ ಕ್ವಾಲಾಲಂಪುರದ ವಿಮಾನ ನಿಲ್ದಾಣಕ್ಕೆ ಒಬ್ಬ ಬೊಮೊ, ಎಂದರೆ ಅಲ್ಲಿಯ ಮಂತ್ರವಾದಿ, ಎಳನೀರು, ಬಿದಿರಿನ ದುರ್ಬೀನು ಹಿಡಿದು ಬಂದ. ವಿಮಾನ 'ಒರಾಂಗ್ ಬುನಿಯಾನ್' ಕೈಯಲ್ಲಿರಬಹುದು ಎಂಬ ಮಾತೂ ಆ ಕಡೆಯಿಂದ ಬಂತು. ಬುನಿಯಾನರೆಂದರೆ ಕಾಡಿನಲ್ಲಿ ಕಣ್ಣಿಗೆ ಕಾಣದಂತೆ ಊರು ಕಟ್ಟಿಕೊಂಡಿರುವವರು; ದಾರಿ ತಪ್ಪಿದವರನ್ನು ಒಳಗೆ ಕರೆದುಕೊಳ್ಳುತ್ತಾರೆ ಎಂಬುದು ಮಲಯ ಜನರ ನಂಬಿಕೆ. ನಮ್ಮ ಆಮಿಲರ ಜಿನ್ನುಗಳಿಗೆ ದಾಯಾದಿಗಳು. ಅಲ್ಲಿಯ ಧಾರ್ಮಿಕ ಅಧಿಕಾರಿಗಳು ಇದು ಇಸ್ಲಾಮಿಗೆ ವಿರುದ್ಧ ಎಂದರು. ಪ್ರಪಂಚವೆಲ್ಲ ನಕ್ಕಿತು. ಅದೇ ತಿಂಗಳು ಅಮೆರಿಕಾದ ದೊಡ್ಡ ಸುದ್ದಿವಾಹಿನಿಯಲ್ಲಿ ನಿರೂಪಕರು, ವಿಮಾನವನ್ನು ಕಪ್ಪು ರಂಧ್ರ ನುಂಗಿರಬಹುದೇ ಎಂದು ಅತಿಥಿಗಳನ್ನು ಗಂಭೀರವಾಗಿ ಕೇಳುತ್ತಿದ್ದರು. ಬೊಮೊನ ಕೈಯಲ್ಲಿ ಎಳನೀರಾದರೂ ಇತ್ತು.

ಇನ್ನೊಂದು ಬಗೆಯ ಕಥೆಯನ್ನು ನಾವು ಮರೆಯುವಂತಿಲ್ಲ. ಕದ್ದ ಪಾಸ್‌ಪೋರ್ಟಿನಲ್ಲಿ ಇಬ್ಬರು ಇರಾನಿ ಯುವಕರು ವಿಮಾನ ಹತ್ತಿದ್ದರು. ಆ ಸುದ್ದಿ ಬಂದ ದಿನ ಅನ್ಯಗ್ರಹದವರಿಗೆ ರಜೆ. ಉಗ್ರರು ಸಿಕ್ಕರು ಎಂದೇ ಎಲ್ಲರೂ ಮಾತಾಡಿದರು. ವಿಚಾರಿಸಿದಾಗ ಅವರು ಯುರೋಪಿನಲ್ಲಿ ಆಶ್ರಯ ಬೇಡಲು ಹೊರಟವರು. ಒಬ್ಬನಿಗೆ ಹತ್ತೊಂಬತ್ತು; ಜರ್ಮನಿಯಲ್ಲಿ ಅವನ ತಾಯಿ ಕಾಯುತ್ತಿದ್ದರು. ಆ ತಾಯಿಗೆ ಮಗ ಕಾಣೆಯಾದ ದುಃಖದ ಜೊತೆಗೆ ಈ ಅಪವಾದವನ್ನೂ ಹೊರುವ ದಿನಗಳು ಬಂದವು. ಆಮೇಲೆ ಕ್ಷಮೆ ಕೇಳಿದವರು ಎಷ್ಟು ಜನವೋ.

ಮಾರ್ಚ್ 24ರಂದು ಮನೆಯವರಲ್ಲಿ ಹಲವರಿಗೆ ಕಂಪೆನಿಯಿಂದ ಮೊಬೈಲಿಗೆ ಇಂಗ್ಲಿಷಿನಲ್ಲಿ ಸಂದೇಶ ಬಂತು, ಯಾರೂ ಬದುಕುಳಿದಿಲ್ಲ ಎಂದು. 2015ರ ಜನವರಿಯಲ್ಲಿ ಸರ್ಕಾರ ಅಪಘಾತವೆಂದು ಘೋಷಿಸಿ, ಎಲ್ಲರೂ ಮೃತರೆಂದು ಭಾವಿಸಬೇಕು ಎಂದಿತು. ಜುಲೈಯಲ್ಲಿ ರೆಕ್ಕೆಯ ಒಂದು ಭಾಗ ರಿಯೂನಿಯನ್ ದ್ವೀಪದ ದಡ ಸೇರಿತು. ಸಮುದ್ರದ ತಳ 1,20,000 ಚದರ ಕಿಲೋಮೀಟರ್ ಜಾಲಾಡಿ 2017ರ ಜನವರಿಯಲ್ಲಿ ನಿಲ್ಲಿಸಿದರು. 2018ರ ಅಂತಿಮ ವರದಿಯೂ ಕಾರಣ ಹೇಳಲಾಗಲಿಲ್ಲ. 2018ರಲ್ಲೂ 2025ರಲ್ಲೂ ಖಾಸಗಿ ಕಂಪೆನಿಯೊಂದು ಮತ್ತೆ ಹುಡುಕಿತು. ಈ ನಡುವೆ ಯಾರೋ ಕುಳಿತು ಮೋಡದ ಫೋಟೋ ತಂದು, ಮಿಂಚು ಅಂಟಿಸಿ, ಮೂರು ಉಂಡೆಗಳನ್ನು ಸುತ್ತಿಸಿದರು. ಅದನ್ನು ನೋಡಿದ 239 ಮನೆಗಳಲ್ಲಿ ಒಬ್ಬರಾದರೂ, ಅಲ್ಲಿ ಊಟ ಕೊಡುತ್ತಾರಂತಾ, ಎಂದು ಕೇಳಿರಲಾರರೇ? ನಮಗೆ ಸಾವಿನ ಮನೆಯಲ್ಲಿ ಸಿಟ್ಟು ಬಂದದ್ದು ಇದನ್ನು ನೆನೆದು.

ಕುಶೆಯ ಪುಸ್ತಕ ಸಿಕ್ಕ ವರ್ಷ ರಂಜಾನಿಗೆ ಊರಿಗೆ ಬಂದಾಗ ಅದನ್ನು ಖಾಲಾರ ಮುಂದಿಟ್ಟು ತಪ್ಪೊಪ್ಪಿಕೊಂಡೆವು. ಆ ಹಾಳೆಯಲ್ಲಿದ್ದದ್ದು ಸುಳ್ಳು, ನಾವು ಹೇಳಿದ್ದು ಇನ್ನೂ ದೊಡ್ಡ ಸುಳ್ಳು, ಊಟದ ಮಾತು ನಮ್ಮ ಕೈಯಿಂದ ಹಾಕಿದ್ದು ಎಂದೆವು. ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು. 'ನನಗೆ ಗೊತ್ತಿರಲಿಲ್ಲ ಅಂದುಕೊಂಡೆಯಾ?' ಎಂದರು. 'ಬೀದಿಯಲ್ಲಿ ಹೋದರೆ ಹೆಂಗಸರು ಬೊಂಬಾಯಿಯವಳ ವಿಷಯ ಕೇಳುತ್ತಿದ್ದರು. ಅವಳಿಗೆ ಎಷ್ಟು ಮಕ್ಕಳು ಎಂದು ನನ್ನನ್ನೇ ಕೇಳಿದವರೂ ಇದ್ದಾರೆ. ಆಸ್ಮಾನ್ ವಾಲೆ ಅಂದ ಮೇಲೆ ಎಲ್ಲರ ಬಾಯಿ ಮುಚ್ಚಿತು. ಹುಚ್ಚಿ ಅಂದುಕೊಂಡರು. ಹುಚ್ಚಿಯನ್ನು ಯಾರೂ ಏನೂ ಕೇಳುವುದಿಲ್ಲ.'

'ಹಾಗಾದರೆ ಅರ್ಜಿಗೆ ಸಹಿ ಯಾಕೆ ಮಾಡಲಿಲ್ಲ?' ಎಂದೆವು.

'ಶಿಕಾರಿಪುರದವನ ಹಲ್ಲು ನೋಡಿದ್ದೆಯಾ ನೀನು?' ಎಂದು ನಕ್ಕರು.

ಆ ನಗುವನ್ನು ನಂಬಬೇಕೋ ಬೇಡವೋ ಎಂದು ಆಮೇಲಿನ ಇಪ್ಪತ್ತೈದು ವರ್ಷಗಳಲ್ಲಿ ಎಷ್ಟು ಸಲ ಯೋಚಿಸಿದ್ದೇವೋ. ಹುಡುಗನ ಎದೆಯ ಭಾರ ಇಳಿಸಲು ಹೇಳಿದ ಮಾತಾಗಿರಬಹುದು. ನಿಜವೇ ಆಗಿರಬಹುದು. ಅವರ ಕಥೆಯನ್ನು ಒಂದು ಸಲ ನಾವು ಸಣ್ಣಕಥೆಯಾಗಿ ಬರೆದೆವು. ಗಂಡ ತಿರುಗಿ ಬರುವಂತೆ ಮಾಡಿದೆವು, ಸಂಪಾದಕರೂ ಮೆಚ್ಚಿದರು. ಓದಿ ಹೇಳಿದಾಗ ಖಾಲಾ, 'ನಿನ್ನದು ಇನ್ನೂ ಅದೇ ಚಟ' ಎಂದರು. ಆ ಕಥೆಯನ್ನು ಯಾವ ಸಂಕಲನಕ್ಕೂ ಸೇರಿಸಿಲ್ಲ. ಮೆಹಂದಿ ಹಚ್ಚುವುದನ್ನು ಮಾತ್ರ ಅವರು ಕೊನೆಯ ಶುಕ್ರವಾರದವರೆಗೂ ಬಿಡಲಿಲ್ಲ. ಮಯ್ಯಿತ್ತಿಗೆ ಗುಸ್ಲ್ ಮಾಡಿಸಿದ ಹೆಂಗಸರು, ಬುಡದಲ್ಲಿ ಒಂದು ಬೆರಳು ಬಿಳಿಯಿತ್ತು ಎಂದು ಹೇಳಿದರು.

ಸಂಜೆ ತಮ್ಮನ ಮಗನನ್ನು ಹಿತ್ತಿಲಿಗೆ ಕರೆದು ಕೂರಿಸಿಕೊಂಡೆವು. ಮೋಡಗಳ ವಿಷಯ, ಮಿಂಚಿನ ವಿಷಯ ಹೇಳಿದೆವು. ಅವನು ಕೇಳಿಕೊಂಡು, ವಿಡಿಯೋವನ್ನು ಆಗಲೇ ನಲವತ್ತು ಜನರಿಗೆ ಕಳಿಸಿಬಿಟ್ಟಿದ್ದೇನೆ ಎಂದ. ಆಮೇಲೆ ಮೆಲ್ಲಗೆ, 'ಖಾಲು ದಾದಾ ಏನಾದರು ಬಡೇ ಅಬ್ಬಾ?' ಎಂದು ಕೇಳಿದ.

ನಾಲಗೆಯ ತುದಿಗೆ ಎರಡು ಮೂರು ಕಥೆಗಳು ಬಂದವು. ಬಾಯಿ ಮುಚ್ಚಿಕೊಂಡು, ಗೊತ್ತಿದ್ದದ್ದನ್ನಷ್ಟೇ ಹೇಳಿದೆವು. 1988ರಲ್ಲಿ, ಮಳೆ ಬಿಟ್ಟ ಒಂದು ಬೆಳಗ್ಗೆ, ಖಾಲು ಹುಬ್ಬಳ್ಳಿಯ ಬಸ್ಸು ಹತ್ತಿದರು. ಕಂಡಕ್ಟರು ಟಿಕೇಟು ಕೊಟ್ಟ.

'ಆಮೇಲೆ?'

'ಅಷ್ಟೇ.'

'ಅಷ್ಟೇನಾ?' ಎಂದ ಹುಡುಗ, ನಾವು ಏನೋ ಮುಚ್ಚಿಡುತ್ತಿದ್ದೇವೆ ಎನ್ನುವಂತೆ ನೋಡುತ್ತ.